ಅಡ್ಡಗೋಡೆಯ ಮೇಲೆ ಕೂತವನ ಮತ

ಚುನಾವಣೆ ಘೋಷಣೆಯಾಯಿತೆಂದರೆ ನನ್ನಂಥವರಿಗೆ ಎರಡೂ ಕಡೆಯಿಂದ ಬೈಗುಳ ಶುರು. ಒಂದು ಪಕ್ಷದ ಕಟ್ಟಾ ಅಭಿಮಾನಿಯಾದ ನಮ್ಮ ಭಾವನ ಲೆಕ್ಕದಲ್ಲಿ ನಾನು ಇನ್ನೊಂದು ಪಕ್ಷದವನು, ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲ ಅಷ್ಟೇ. ಆ ಇನ್ನೊಂದು ಪಕ್ಷದ ಪರವಾಗಿ ಮನೆಮನೆ ತಿರುಗುವ ಗೆಳೆಯನ ಲೆಕ್ಕದಲ್ಲಿ ನಾನು ಒಳಗೊಳಗೇ ಭಾವನ ಪಕ್ಷದವನು. ಯಾವುದರಲ್ಲೂ ಒಮ್ಮತಕ್ಕೆ ಬಾರದ ಈ ಇಬ್ಬರೂ ಒಪ್ಪುವ ಸಂಗತಿ ಒಂದೇ: ನಾನು ಎಡಬಿಡಂಗಿ, ಅಡ್ಡಗೋಡೆಯ ಮೇಲೆ ದೀಪ ಇಡುವವನು.

ಬೈಸಿಕೊಳ್ಳುವುದಕ್ಕೆ ಬೇಸರವಿಲ್ಲ. ಆದರೆ ಮತ ಹಾಕುವ ದಿನ ಗೋಡೆಯ ಮೇಲೆ ಕೂರಲು ಆಗುವುದಿಲ್ಲವಲ್ಲ. ಯಾವುದೋ ಒಂದು ಗುರುತಿನ ಮುಂದೆ ಬೆರಳು ಹೋಗಲೇಬೇಕು. ಮಧ್ಯದಲ್ಲಿ ನಿಂತವನು ಆ ಒಂದು ಕಡೆಯನ್ನು ಹೇಗೆ ಆರಿಸಿಕೊಳ್ಳುತ್ತಾನೆ? ಈ ಸಲ ನಾನು ಆರಿಸಿಕೊಂಡಾಗಿದೆ. ಹೇಗೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಯಾರನ್ನು ಎಂಬುದನ್ನು ಬರೆಯುವುದಿಲ್ಲ, ಏಕೆಂದರೆ ಪಕ್ಷದ ಹೆಸರು ಬಂದ ಕ್ಷಣದಿಂದ ಓದುವವರು ಕಾರಣಗಳನ್ನು ಬಿಟ್ಟು ನನ್ನ ಜಾತಕ ಓದತೊಡಗುತ್ತಾರೆ.

ಮೊದಲು ಈ 'ಮಧ್ಯ' ಎಂದರೆ ಏನು ಎಂಬುದು. ಮಧ್ಯಮಮಾರ್ಗಿ ಎಂದೊಡನೆ ಜನರ ಕಣ್ಣಮುಂದೆ ಬರುವುದು ಯಾವುದರಲ್ಲೂ ಕಾವಿಲ್ಲದ, ಎಲ್ಲದಕ್ಕೂ 'ಹೌದು, ಆದರೆ' ಎನ್ನುವ ಮನುಷ್ಯ. ನನ್ನ ಸಂಗತಿ ಹಾಗಲ್ಲ. ಸರ್ಕಾರ ಸಾಲ ಮಾಡಿ ಹಂಚುವುದನ್ನು ಕಂಡರೆ ನನಗೆ ಆಗದು, ಆ ವಿಷಯದಲ್ಲಿ ಭಾವನಿಗಿಂತ ನಾನೇ ಖಡಕ್. ಆಸ್ಪತ್ರೆ, ಶಾಲೆಗಳನ್ನು ಖಾಸಗಿಯವರಿಗೆ ಒಪ್ಪಿಸುವ ಮಾತು ಬಂದರೆ ಗೆಳೆಯನಿಗಿಂತ ಜೋರಾಗಿ ಬೇಡ ಎನ್ನುವವನೂ ನಾನೇ. ಒಬ್ಬರು ಯಾರನ್ನು ಮದುವೆಯಾಗಬೇಕು, ಏನು ಉಡಬೇಕು ಎಂಬಲ್ಲಿ ಸರ್ಕಾರಕ್ಕೆ ಕೆಲಸವೇ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಕಾನೂನು ಸುವ್ಯವಸ್ಥೆಯ ಮಾತು ಬಂದಾಗ ಮಾತ್ರ ಸರ್ಕಾರದ ಕೈ ಬಲವಾಗಿರಲಿ ಎಂದು ಬಯಸುತ್ತೇನೆ. ಇವನ್ನೆಲ್ಲ ಕೂಡಿಸಿ ಭಾಗಿಸಿದರೆ ಸರಾಸರಿ ನಡುವಿನಲ್ಲಿ ಬರುತ್ತದೆ, ನಿಜ. ಆದರೆ ಆ ಸರಾಸರಿಯ ಜಾಗದಲ್ಲಿ ನನ್ನ ಒಂದು ಅಭಿಪ್ರಾಯವೂ ವಾಸವಾಗಿಲ್ಲ.

ನಾನೊಬ್ಬನೇ ಹೀಗಲ್ಲ ಎಂಬುದು ಒಂದು ಸಮಾಧಾನ. ಸಮೀಕ್ಷೆಗಳಲ್ಲಿ 'ಮಧ್ಯಮ' ಎಂಬ ಪಟ್ಟಿಯಲ್ಲಿ ಬೀಳುವ ಅಮೆರಿಕದ ಮತದಾರರನ್ನು ಒಂದೊಂದೇ ವಿಷಯ ಹಿಡಿದು ನೋಡಿದ ಡೇವಿಡ್ ಬ್ರೂಕ್‌ಮನ್ ಎಂಬ ರಾಜಕೀಯಶಾಸ್ತ್ರಜ್ಞನಿಗೆ ಕಂಡದ್ದೂ ಇದೇ: ಎಷ್ಟೋ ಮಂದಿ ಒಂದು ವಿಷಯದಲ್ಲಿ ತೀರಾ ಎಡಕ್ಕೆ, ಇನ್ನೊಂದರಲ್ಲಿ ತೀರಾ ಬಲಕ್ಕೆ ಇರುತ್ತಾರೆ, ಲೆಕ್ಕ ಮಾತ್ರ ನಡುವೆ ಬಂದು ನಿಲ್ಲುತ್ತದೆ. ಅದಕ್ಕೂ ಬಹಳ ಮೊದಲು, 1940ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಅವನ ಸಂಗಡಿಗರು ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಅದೇ ಮತದಾರರನ್ನು ತಿಂಗಳು ತಿಂಗಳು ಮಾತಾಡಿಸುತ್ತ ಹೋದರು. ಎರಡು ಕಡೆಯಿಂದ ಎಳೆತಕ್ಕೆ ಸಿಕ್ಕವರು ತೀರ್ಮಾನಕ್ಕೆ ಬರುವುದು ತಡ ಎಂದು ಅವರು ಕಂಡುಕೊಂಡರು. ತಡ ಮಾಡುವವರಿಗೆಲ್ಲ ಆಸಕ್ತಿ ಇಲ್ಲ ಎಂದಲ್ಲ. (ಆಸಕ್ತಿಯಿಲ್ಲದವರೂ ಸಾಕಷ್ಟಿದ್ದರು ಎಂದು ಅದೇ ಅಧ್ಯಯನ ಹೇಳುತ್ತದೆ. ಅದನ್ನು ಭಾವನಿಗೆ ನಾನು ಹೇಳಿಲ್ಲ.)

ಸಿದ್ಧಾಂತದ ಮಟ್ಟಿಗೆ ಹೇಳುವುದಾದರೆ ನಾನು ರಾಜ. ಒಂದೇ ಬೀದಿಯಲ್ಲಿ ಪೈಪೋಟಿಗೆ ಬಿದ್ದ ಎರಡು ಅಂಗಡಿಗಳು ಗಿರಾಕಿಗಾಗಿ ಬೀದಿಯ ನಡುವಿಗೆ ಸರಿದು ಅಕ್ಕಪಕ್ಕ ನಿಲ್ಲುತ್ತವೆ, ಪಕ್ಷಗಳದ್ದೂ ಇದೇ ಕತೆ ಎಂದು 1929ರಲ್ಲೇ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ ಬರೆದ. 1948ರಲ್ಲಿ ಡಂಕನ್ ಬ್ಲ್ಯಾಕ್, 1957ರಲ್ಲಿ ಆಂಥನಿ ಡೌನ್ಸ್ ಈ ಎಳೆಯನ್ನು ಗಣಿತಕ್ಕೆ, ಚುನಾವಣೆಗೆ ಒಗ್ಗಿಸಿದರು: ಎಲ್ಲ ಮತದಾರರನ್ನೂ ಒಂದು ಸಾಲಿನಲ್ಲಿ ನಿಲ್ಲಿಸಿದರೆ ಸರಿಯಾಗಿ ನಡುವೆ ಬರುವವನನ್ನು ಒಲಿಸಿಕೊಂಡವರೇ ಗೆಲ್ಲುತ್ತಾರೆ. ಹಾಗಿದ್ದ ಮೇಲೆ ಎರಡೂ ಪಕ್ಷಗಳು ನನ್ನ ಬಾಗಿಲಲ್ಲಿ ಕೈಕಟ್ಟಿ ನಿಲ್ಲಬೇಕಿತ್ತು. ನಿಂತಿಲ್ಲ. ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ, ಎಲ್ಲರೂ ಮತ ಹಾಕಲು ಬರುತ್ತಾರೆ ಎಂಬ ಎರಡು ಊಹೆಗಳ ಮೇಲೆ ಆ ಲೆಕ್ಕ ನಿಂತಿದೆ. ಜನ ಎರಡು ತುದಿಗಳಲ್ಲಿ ಗುಂಪುಗಟ್ಟಿದ್ದರೆ ಪಕ್ಷಗಳು ನಡುವಿಗೆ ಬರುವುದಿಲ್ಲ ಎಂದು ಡೌನ್ಸ್ ಅವನೇ ಹೇಳಿದ್ದ. ನಡುವಿನವನ ಮನವೊಲಿಸುವ ಶ್ರಮಕ್ಕಿಂತ ತಮ್ಮವರನ್ನೇ ಕೆರಳಿಸಿ ಮತಗಟ್ಟೆಗೆ ಹೊರಡಿಸುವುದು ಸುಲಭ ಎಂದು ಪಕ್ಷಗಳಿಗೆ ಗೊತ್ತಾದಮೇಲಂತೂ ರಾಜನ ಬಾಗಿಲಿಗೆ ಯಾರೂ ಸುಳಿಯುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಮಧ್ಯ ಎಂಬುದನ್ನು ಅಳೆಯುವುದು ಎಲ್ಲಿಂದ? ಎರಡು ಪಕ್ಷಗಳ ನಡುವಿನ ಅರ್ಧ ದಾರಿಯೇ ನನ್ನ ಜಾಗ ಎಂದು ಇಟ್ಟುಕೊಂಡರೆ ನನ್ನ ಜಾಗವನ್ನು ತೀರ್ಮಾನಿಸುವವನು ನಾನಲ್ಲ. ಚೌಕಾಸಿ ಮಾಡುವಾಗ ಕಡೆಗೆ ಇಬ್ಬರ ಮಾತಿನ ನಡುವಿನ ಬೆಲೆಗೆ ಒಪ್ಪುವ ಗಿರಾಕಿ ಇದ್ದಾನೆಂದು ಗೊತ್ತಾದರೆ ವ್ಯಾಪಾರಿ ಮಾಡುವ ಮೊದಲ ಕೆಲಸ ಬೆಲೆ ಏರಿಸಿ ಹೇಳುವುದು. ಪಕ್ಷವೂ ಅಷ್ಟೇ. ಒಂದು ಪಕ್ಷ ಇದ್ದಲ್ಲೇ ನಿಂತು ಇನ್ನೊಂದು ನೂರು ಹೆಜ್ಜೆ ಆಚೆ ಹೋದರೆ, 'ಇಬ್ಬರ ನಡುವೆ' ನಿಂತವನು ತಾನು ಕದಲಿಲ್ಲ ಎಂದುಕೊಂಡೇ ಐವತ್ತು ಹೆಜ್ಜೆ ಸರಿದಿರುತ್ತಾನೆ. ಆದ್ದರಿಂದ ನಾನು ಮಾಡುವುದಿಷ್ಟು: ಪಕ್ಷಗಳು ಏನು ಹೇಳುತ್ತಿವೆ ಎಂದು ನೋಡುವ ಮೊದಲು ನನಗೆ ಮುಖ್ಯವಾದ ನಾಲ್ಕೈದು ವಿಷಯಗಳಲ್ಲಿ ನನ್ನ ನಿಲುವನ್ನು ಒಂದು ಹಾಳೆಯಲ್ಲಿ ಬರೆದು ಇಟ್ಟುಬಿಡುತ್ತೇನೆ. ಪ್ರಚಾರ ಶುರುವಾಗುವ ಮೊದಲೇ ಬರೆಯಬೇಕು. ಆಮೇಲೆ ಬರೆದರೆ ಅದು ನಿಲುವಲ್ಲ, ಪ್ರತಿಕ್ರಿಯೆ.

ಸರಿ, ನಡುವಿನವರಿಗೆ ನಡುವಿನದೇ ಪಕ್ಷವೊಂದಿದ್ದರೆ ಅದಕ್ಕೇ ಹಾಕಬಾರದೇ? ಗೆಳೆಯನ ವ್ಯಂಗ್ಯವೂ ಅದೇ: "ನಿಮ್ಮಂಥವರೆಲ್ಲ ಸೇರಿ ಒಂದು ಪಕ್ಷ ಕಟ್ಟಿಕೊಳ್ಳಿ ಮಾರಾಯ, ನಮ್ಮ ತಲೆ ತಿನ್ನಬೇಡಿ." ಕಟ್ಟಿಕೊಂಡವರಿದ್ದಾರೆ. ಅವರ ಗತಿ ಏನಾಯಿತು ಎಂಬುದನ್ನು ಅವರ ಒಳ್ಳೆಯತನ ತೀರ್ಮಾನಿಸಲಿಲ್ಲ, ಮತ ಎಣಿಸುವ ಪದ್ಧತಿ ತೀರ್ಮಾನಿಸಿತು.

ಬ್ರಿಟನ್ನಿನ 1983ರ ಚುನಾವಣೆಯನ್ನೇ ನೋಡಿ. ಲೇಬರ್ ಪಕ್ಷ ಎಡಕ್ಕೆ ವಾಲಿತ್ತು, ಥ್ಯಾಚರ್ ಅವರ ಕನ್ಸರ್ವೇಟಿವ್ ಪಕ್ಷ ಬಲಕ್ಕೆ. ನಡುವಿನ ಬಯಲಿನಲ್ಲಿ ಲಿಬರಲ್ಲರು ಮತ್ತು ಲೇಬರ್ ಬಿಟ್ಟುಬಂದ ಸೋಶಿಯಲ್ ಡೆಮಾಕ್ರಾಟರು ಕೂಡಿ ಕೂಟ ಕಟ್ಟಿದರು. ಅವರಿಗೆ ಬಿದ್ದ ಮತ ಶೇ 25.4, ಲೇಬರ್‌ಗೆ ಶೇ 27.6. ಮತಗಳಲ್ಲಿ ಇದ್ದ ಅಂತರ ಎರಡು ಚಿಲ್ಲರೆ. ಸ್ಥಾನಗಳು? 650ರಲ್ಲಿ ಲೇಬರ್‌ಗೆ 209, ನಡುವಿನ ಕೂಟಕ್ಕೆ 23. ಲೇಬರ್ ಮತ ಕೆಲವು ಪ್ರದೇಶಗಳಲ್ಲಿ ಒತ್ತಾಗಿತ್ತು, ಕೂಟದ ಮತ ದೇಶದ ಉದ್ದಗಲಕ್ಕೂ ತೆಳುವಾಗಿ ಹರಡಿಕೊಂಡು ಎಲ್ಲೆಡೆ ಎರಡನೆಯದೋ ಮೂರನೆಯದೋ ಆಗಿ ನಿಂತಿತು. ಒಂದು ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವನೇ ಗೆದ್ದ ಎಂಬ ಪದ್ಧತಿಯಲ್ಲಿ ಎಲ್ಲರಿಗೂ ಒಪ್ಪಿಗೆಯಾಗುವವನಿಗೆ ಬೆಲೆಯಿಲ್ಲ, ಕೆಲವರಿಗಾದರೂ ಪ್ರಾಣವಾಗುವವನು ಬೇಕು.

ಫ್ರಾನ್ಸಿನ ಎರಡು ಸುತ್ತಿನ ಪದ್ಧತಿಯಲ್ಲೂ ಇದೇ ಪೆಟ್ಟು ಬೀಳುತ್ತದೆ. 2007ರ ಅಧ್ಯಕ್ಷೀಯ ಚುನಾವಣೆಯಲ್ಲಿ ನಡುಪಂಥದ ಫ್ರಾಂಸ್ವಾ ಬಾಯ್ರೂ ಎರಡನೆಯ ಸುತ್ತಿಗೆ ಹೋದರೆ ಎದುರಾಳಿ ಯಾರೇ ಆಗಲಿ ಗೆಲ್ಲುತ್ತಾರೆ ಎಂದು ಸಮೀಕ್ಷೆಗಳು ಹೇಳುತ್ತಿದ್ದವು. ಮೊದಲ ಸುತ್ತಿನಲ್ಲಿ ಅವರಿಗೆ ಶೇ 18.57 ಮತ ಬಂತು, ಮೂರನೆಯ ಸ್ಥಾನ. ಮುಂದಿನ ಸುತ್ತಿಗೆ ಹೋಗುವುದು ಮೊದಲ ಇಬ್ಬರಷ್ಟೇ, ಆಟ ಮುಗಿಯಿತು. ಒಬ್ಬೊಬ್ಬರಾಗಿ ಎದುರು ನಿಲ್ಲಿಸಿದರೆ ಎಲ್ಲರನ್ನೂ ಸೋಲಿಸಬಲ್ಲವನು ಒಟ್ಟು ಎಣಿಕೆಯಲ್ಲಿ ಸೋತುಹೋಗಬಹುದು ಎಂಬ ಈ ವಿಚಿತ್ರವನ್ನು 1785ರಲ್ಲೇ ಅದೇ ದೇಶದ ಗಣಿತಜ್ಞ ಕಾಂಡೋರ್ಸೆ ಗುರುತಿಸಿ ಬರೆದಿದ್ದ. ಹತ್ತು ವರ್ಷ ಕಳೆದು 2017ರಲ್ಲಿ ಎಮಾನ್ಯುಯಲ್ ಮ್ಯಾಕ್ರೋನ್ ಅದೇ ನಡುದಾರಿಯಲ್ಲಿ ಬಂದು, ಅದೇ ಪದ್ಧತಿಯಲ್ಲಿ ಮೊದಲ ಸುತ್ತು ದಾಟಿ, ಎರಡನೆಯದರಲ್ಲಿ ಶೇ 66 ಮತ ತೆಗೆದುಕೊಂಡರು. ಎಡ ಬಲದ ಹಳೆಯ ಪಕ್ಷಗಳೆರಡೂ ಆ ಸಲ ಸೊರಗಿದ್ದವು. ನಡುವಿನವನ ಗೆಲುವಿಗೆ ಇಕ್ಕೆಲದವರ ಕುಸಿತವೇ ಬೇಕಾಯಿತು.

ಜರ್ಮನಿಯದು ಬೇರೆ ಕತೆ. ಅಲ್ಲಿನ ಎಣಿಕೆ ಮತಗಳ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಹಂಚುತ್ತದೆ, ಹಾಗಾಗಿ ಎಫ್‌ಡಿಪಿ ಎಂಬ ಪುಟ್ಟ ಪಕ್ಷ ದಶಕಗಳ ಕಾಲ ತಕ್ಕಡಿಯ ಮುಳ್ಳಾಗಿ ಕೂತಿತ್ತು. 1969ರಲ್ಲಿ ಸೋಶಿಯಲ್ ಡೆಮಾಕ್ರಾಟರ ಜೊತೆ ಸೇರಿ ಸರ್ಕಾರ ಮಾಡಿತು, 1982ರಲ್ಲಿ ಅವರ ಕೈಬಿಟ್ಟು ಎದುರು ಪಾಳಯದ ಹೆಲ್ಮುಟ್ ಕೋಲ್ ಅವರನ್ನು ಗದ್ದುಗೆಗೇರಿಸಿತು. ಅದೇ ಪಕ್ಷ 2013ರಲ್ಲಿ ಶೇ 4.8 ಮತ ಪಡೆದು, ಶೇ 5ರ ಹೊಸ್ತಿಲು ದಾಟಲಾಗದೆ ಸಂಸತ್ತಿನಿಂದಲೇ ಹೊರಬಿತ್ತು. ಆಸ್ಟ್ರೇಲಿಯದಲ್ಲಿ 1918ರಿಂದ ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಹಾಕುವ ಪದ್ಧತಿ ಇದೆ. ಅಲ್ಲಿ ನಡುವಿನ ಸಣ್ಣ ಪಕ್ಷಕ್ಕೆ 1 ಹಾಕಿ, ಅದು ಸೋತರೆ ನನ್ನ ಮತ ಯಾರಿಗೆ ಹೋಗಬೇಕೆಂದು 2 ಬರೆದು, ನೆಮ್ಮದಿಯಾಗಿ ಮನೆಗೆ ಹೋಗಬಹುದು. ನನಗೆ ಆ ಸೌಕರ್ಯ ಇಲ್ಲ. ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ 2000ದ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಫ್ಲಾರಿಡಾ ಸಾಕ್ಷಿ: ಬುಷ್ ಮತ್ತು ಗೋರ್ ನಡುವಿನ ಅಂತರ 537 ಮತ, ಮೂರನೆಯವರಾದ ರಾಲ್ಫ್ ನೇಡರ್‌ಗೆ ಬಿದ್ದದ್ದು 97 ಸಾವಿರಕ್ಕೂ ಹೆಚ್ಚು.

ಇದರಿಂದ ನನಗೆ ಸಿಕ್ಕ ಮೊದಲ ಸೋಸಣಿಗೆ ಇಷ್ಟೇ. ನನ್ನ ಕ್ಷೇತ್ರದಲ್ಲಿ ಗೆಲ್ಲುವ ಸಾಧ್ಯತೆ ಇರುವವರು ಇಬ್ಬರೇ, ಎಣಿಕೆ ಒಂದೇ ಸುತ್ತಿನದು ಎಂದಾದರೆ ಮೂರನೆಯವರಿಗೆ ಹಾಕುವ ಮತ ನನ್ನ ಮನಸ್ಸಿನ ಸಮಾಧಾನಕ್ಕೆ. ಅದು ಕೀಳು ಎನ್ನುತ್ತಿಲ್ಲ. ಮುಂದಿನ ಸಲಕ್ಕೆ ಅಡಿಪಾಯ ಹಾಕುವವರೂ ಬೇಕು. ಆದರೆ ಇಬ್ಬರಲ್ಲಿ ಯಾರು ಬಂದರೂ ನನಗೆ ಅಷ್ಟೇನೂ ವ್ಯತ್ಯಾಸವಿಲ್ಲ ಎನ್ನುವಂಥ ಚುನಾವಣೆಯಲ್ಲಿ ಮಾತ್ರ ಆ ಐಷಾರಾಮ. ಈ ಸಲದ್ದು ಅಂಥದ್ದಲ್ಲ.

'ಮೇಲಿನ ಯಾರೂ ಅಲ್ಲ' ಎಂಬ ಗುಂಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರತದಲ್ಲಿ ಸುಪ್ರೀಂ ಕೋರ್ಟಿನ 2013ರ ತೀರ್ಪಿನಿಂದ ಬಂದ ನೋಟಾ, ಮತದಾರನ ಬೇಸರವನ್ನು ದಾಖಲಿಸುತ್ತದೆ. ನೋಟಾಕ್ಕೇ ಅತಿ ಹೆಚ್ಚು ಮತ ಬಿದ್ದರೂ ಶಾಸನಸಭೆಯ ಚುನಾವಣೆಯಲ್ಲಿ ಅದರ ನಂತರದ ಅಭ್ಯರ್ಥಿಯೇ ಗೆದ್ದವನು. ಬೇಸರ ದಾಖಲಿಸಲು ನನಗೆ ಬೇರೆ ಜಾಗಗಳಿವೆ.

ಇನ್ನು ಉಳಿದ ಇಬ್ಬರ ಪ್ರಣಾಳಿಕೆಗಳು. "ಅವನ್ನೆಲ್ಲ ಯಾರು ಓದುತ್ತಾರೆ, ಗೆದ್ದ ಮೇಲೆ ಕಸದ ಬುಟ್ಟಿಗೆ" ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ಆದರೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು 12 ದೇಶಗಳ 57 ಚುನಾವಣೆಗಳಲ್ಲಿ ಪಕ್ಷಗಳು ಕೊಟ್ಟ 20,000ಕ್ಕೂ ಹೆಚ್ಚು ಭರವಸೆಗಳನ್ನು ಹಿಡಿದು ನೋಡಿತು. ಒಂಟಿಯಾಗಿ ಅಧಿಕಾರ ಹಿಡಿದ ಪಕ್ಷಗಳು ತಮ್ಮ ಮಾತನ್ನು, ಪೂರ್ತಿಯಾಗಿಯೋ ಭಾಗಶಃವೋ, ಜನ ಅಂದುಕೊಂಡದ್ದಕ್ಕಿಂತ ಹೆಚ್ಚಾಗಿ ಉಳಿಸಿಕೊಂಡಿದ್ದವು. ಮೈತ್ರಿ ಸರ್ಕಾರದಲ್ಲಿ ಆ ಪ್ರಮಾಣ ಇಳಿಯುತ್ತದೆ. ಅಲ್ಲಿಗೆ ಪ್ರಣಾಳಿಕೆಯಲ್ಲಿ ನನಗೆ ಹೆದರಿಕೆ ಹುಟ್ಟಿಸುವ ಸಾಲನ್ನು 'ಇದೆಲ್ಲ ಮಾತಿಗೆ' ಎಂದು ತಳ್ಳಿಹಾಕುವ ಹಾಗಿಲ್ಲ. ಮಾಡುತ್ತೇವೆ ಎಂದದ್ದನ್ನು ಅವರು ಮಾಡಿಬಿಡಬಹುದು.

ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ, ಇವರಿಗೆ ಏನು ಬೇಕು ಎಂಬುದಕ್ಕಿಂತ ಇವರು ಎಷ್ಟನ್ನು ಮಾಡಬಲ್ಲರು ಎಂಬುದು. ಮೈತ್ರಿ ಅನಿವಾರ್ಯವಾದ ದೇಶಗಳಲ್ಲಿ ಮತದಾರರು ತಮ್ಮ ನಿಲುವಿಗಿಂತ ಒಂದಿಷ್ಟು ಆಚೆಗಿನ ಪಕ್ಷಕ್ಕೆ ಮತ ಹಾಕುತ್ತಾರೆ ಎಂದು ರಾಜಕೀಯಶಾಸ್ತ್ರಜ್ಞೆ ಓರಿಟ್ ಕೆದಾರ್ 2005ರಲ್ಲಿ ತೋರಿಸಿದರು. ಪಾಲುದಾರರ ಜೊತೆಗಿನ ಕೊಡುಕೊಳೆಯಲ್ಲಿ ಆ ಪಕ್ಷದ ನಿಲುವು ಹೇಗೂ ತೆಳುವಾಗುತ್ತದೆ ಎಂಬ ಲೆಕ್ಕ ಆ ಮತದಾರರಿಗಿದೆ. ನಡುವಿಗೆ ತಲುಪಲು ತುದಿಗೆ ಗುರಿ ಇಡುವುದು! ಮೊದಲು ಓದಿದಾಗ ನಗು ಬಂತು, ಆಮೇಲೆ ನಮ್ಮ ಅತ್ತಿಗೆ ಎಷ್ಟೋ ಸಲ ಹೀಗೇ ಮತ ಹಾಕಿದ್ದು ನೆನಪಾಯಿತು. ಇದರ ತಿರುಗುಮುರುಗೂ ನಿಜ. ಒಂಟಿ ಬಹುಮತ, ತಡೆಯುವ ಮೇಲ್ಮನೆ ಇಲ್ಲ, ಎದುರು ಮಾತಾಡುವ ಸದಸ್ಯರಿಲ್ಲ ಎಂದಾದರೆ ಪ್ರಣಾಳಿಕೆಯ ತುದಿಯೇ ನಾಳಿನ ಕಾನೂನು.

ಒಳ್ಳೆಯ ಅಭ್ಯರ್ಥಿಯನ್ನು ನೋಡಿ ಹಾಕು, ಪಕ್ಷ ನೋಡಬೇಡ ಎನ್ನುವವರಿಗೂ ಇಲ್ಲೇ ಉತ್ತರವಿದೆ. ಬ್ರಿಟನ್ನಿನಲ್ಲಿ 2019ರ ಸೆಪ್ಟೆಂಬರಿನಲ್ಲಿ 21 ಮಂದಿ ಕನ್ಸರ್ವೇಟಿವ್ ಸಂಸದರು ತಮ್ಮದೇ ಸರ್ಕಾರದ ವಿರುದ್ಧ ಮತ ಹಾಕಿದರು. ಪಕ್ಷ ಅವರನ್ನು ಹೊರಹಾಕಿತು, ಆದರೆ ಸಂಸದರಾಗಿ ಅವರು ಉಳಿದರು. ಭಾರತದಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾನೂನು ಇದೆ, ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದವರ ಸದಸ್ಯತ್ವವೇ ಹೋಗಬಹುದು. ಮೊದಲನೆಯ ಕಡೆ ಅಭ್ಯರ್ಥಿಯ ಬೆನ್ನುಮೂಳೆಗೆ ಬೆಲೆಯಿದೆ. ಎರಡನೆಯ ಕಡೆ ಸದನದಲ್ಲಿ ಕೈ ಎತ್ತುವ ವಿಷಯ ಬಂದಾಗ ಒಳ್ಳೆಯವರೂ ಕೆಟ್ಟವರೂ ಒಂದೇ ಕಡೆ ಎತ್ತುತ್ತಾರೆ. ಅಭ್ಯರ್ಥಿಯ ಒಳ್ಳೆಯತನ ಕ್ಷೇತ್ರದ ಕೆಲಸಕ್ಕೆ, ಸಮಿತಿಯ ಕೋಣೆಗೆ, ಪಕ್ಷದೊಳಗಿನ ಮಾತಿಗೆ ಖಂಡಿತ ಬೇಕು. ಪಕ್ಷವನ್ನು ಮರೆಸುವಷ್ಟು ತೂಕ ಅದಕ್ಕೆ ಸಿಗುವುದು ಮಾತ್ರ ಕಾನೂನು ಅವಕಾಶ ಕೊಟ್ಟಲ್ಲಿ.

ಇಷ್ಟೆಲ್ಲ ಸೋಸಿದರೂ ನನ್ನ ಹಾಳೆಯ ಮೇಲೆ ಎರಡು ಪಕ್ಷಗಳೂ ಹೆಚ್ಚುಕಡಿಮೆ ಸಮವಾಗಿಯೇ ನಿಂತಿದ್ದವು. ಒಬ್ಬರ ಹಣಕಾಸು ನೀತಿ ಇಷ್ಟ, ಆಸ್ಪತ್ರೆಗಳ ವಿಷಯ ಬೇಡ. ಇನ್ನೊಬ್ಬರದು ಉಲ್ಟಾ. ಮಧ್ಯದವನ ಪಾಡೇ ಇದು, ಕೂಡಿ ಕಳೆದರೆ ಕೈಯಲ್ಲಿ ಸೊನ್ನೆ. ಆ ಸೊನ್ನೆಯನ್ನೇ ದಿಟ್ಟಿಸುತ್ತ ಕೂತಾಗ ನನಗೆ ಹೊಳೆದದ್ದು ಈ ಇಡೀ ಬರಹದ ಕಾರಣ.

ಭಾವನಿಗೆ ತನ್ನ ಪಕ್ಷದ ನಾಯಕ ಚುನಾವಣಾ ಆಯೋಗಕ್ಕೆ ಬೆದರಿಕೆ ಹಾಕಿದರೂ ಅವನನ್ನು ಬಿಡಲು ಆಗುವುದಿಲ್ಲ. ಬಿಟ್ಟರೆ ಎದುರಿನವರು ಬರುತ್ತಾರೆ, ಅವರು ಬಂದರೆ ಭಾವನ ಪಾಲಿಗೆ ಎಲ್ಲವೂ ಹೋದಂತೆ. ಗೆಳೆಯನಿಗೂ ಹಾಗೇ. ಇಬ್ಬರಿಗೂ ನಿಯಮ ಮುರಿದವರನ್ನು ಶಿಕ್ಷಿಸುವ ಬೆಲೆ ಬಹಳ ದುಬಾರಿ. ನನಗೆ? ನೀತಿಗಳ ಲೆಕ್ಕದಲ್ಲಿ ಯಾರು ಬಂದರೂ ನನ್ನ ಗಳಿಕೆ ನಷ್ಟ ಸುಮಾರಾಗಿ ಒಂದೇ. ಅಂದರೆ ಆಟದ ನಿಯಮ ಮುರಿದವರನ್ನು ಮನೆಗೆ ಕಳಿಸಲು ನಾನು ತೆರಬೇಕಾದ ಬೆಲೆ ಎಲ್ಲರಿಗಿಂತ ಕಡಿಮೆ. ಯೇಲ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗ್ರಹಾಂ ಮತ್ತು ಮಿಲಾನ್ ಸ್ವೋಲಿಕ್ 2020ರಲ್ಲಿ ಅಮೆರಿಕದ ಮತದಾರರ ಮೇಲೆ ಮಾಡಿದ ಪ್ರಯೋಗ ಇದನ್ನೇ ಹೇಳುತ್ತದೆ. ಪ್ರಜಾಪ್ರಭುತ್ವದ ನಿಯಮ ಮೀರಿದ ಸ್ವಂತ ಪಕ್ಷದ ಅಭ್ಯರ್ಥಿಯನ್ನು ಕೈಬಿಡಲು ಸಿದ್ಧರಿದ್ದವರು ಬಹು ಸಣ್ಣ ಪಾಲು, ಮತ್ತು ಪಕ್ಷನಿಷ್ಠೆ ಬಲವಾದಷ್ಟೂ, ನಿಲುವು ತುದಿಗೆ ಹೋದಷ್ಟೂ ಆ ಪಾಲು ಇನ್ನೂ ಕಿರಿದು. ನಡುವೆ ನಿಂತವರು ಕೈಬಿಡದಿದ್ದರೆ ಬೇರೆ ಯಾರೂ ಬಿಡುವುದಿಲ್ಲ. ಅಡ್ಡಗೋಡೆಯ ಮೇಲೆ ಕೂತದ್ದಕ್ಕೆ ಒಂದು ಕೆಲಸ ಸಿಕ್ಕಿತು ಎನಿಸಿತು.

ಹಾಗೆಂದು ಇದು ಎಡದ ರೋಗವೂ ಅಲ್ಲ, ಬಲದ ರೋಗವೂ ಅಲ್ಲ. ಹಂಗೇರಿಯಲ್ಲಿ ಸಮಾಜವಾದಿ ಸರ್ಕಾರದ ಮೇಲೆ ರೋಸಿಹೋಗಿದ್ದ ಜನ 2010ರಲ್ಲಿ ಬಲಪಂಥದ ಫಿದೇಸ್ ಕೂಟಕ್ಕೆ ಶೇ 53ರಷ್ಟು ಮತ ಕೊಟ್ಟರು. ಎಣಿಕೆಯ ಪದ್ಧತಿ ಅದನ್ನು 386ರಲ್ಲಿ 263 ಸ್ಥಾನ, ಮೂರನೇ ಎರಡಕ್ಕೂ ಮಿಗಿಲು, ಮಾಡಿಕೊಟ್ಟಿತು. ಆ ಬಹುಮತದಲ್ಲಿ ಹೊಸ ಸಂವಿಧಾನ ಬಂತು, ಹೊಸ ಚುನಾವಣಾ ಕಾನೂನು ಬಂತು. 2014ರಲ್ಲಿ ಅವರ ಮತ ಶೇ 45ಕ್ಕೆ ಇಳಿಯಿತು, ಮೂರನೇ ಎರಡರ ಬಹುಮತ ಮಾತ್ರ ಹಾಗೇ ಉಳಿಯಿತು: 199ರಲ್ಲಿ 133. ಇತ್ತ ವೆನೆಜುವೆಲಾದಲ್ಲಿ ದಶಕಗಳಿಂದ ಸರದಿಯಂತೆ ಆಳುತ್ತಿದ್ದ ಎರಡು ಪಕ್ಷಗಳನ್ನು ಕಂಡು 'ಎರಡೂ ಒಂದೇ' ಎಂದು ಬೇಸತ್ತ ಮತದಾರರು 1998ರಲ್ಲಿ ಎಡಪಂಥದ ಹ್ಯೂಗೋ ಚಾವೇಜ್ ಅವರನ್ನು ಶೇ 56 ಮತ ಕೊಟ್ಟು ಗೆಲ್ಲಿಸಿದರು. ಮರುವರ್ಷವೇ ಹೊಸ ಸಂವಿಧಾನ. 2015ರಲ್ಲಿ ವಿರೋಧ ಪಕ್ಷಗಳು ಸಂಸತ್ತಿನ 167 ಸ್ಥಾನಗಳಲ್ಲಿ 112 ಗೆದ್ದವು. ಚಾವೇಜ್ ಉತ್ತರಾಧಿಕಾರಿಯ ಕಾಲದಲ್ಲಿ, 2017ರಲ್ಲಿ, ಆ ಸಂಸತ್ತಿನ ಪಕ್ಕದಲ್ಲಿ ಸರ್ಕಾರದ ಪರವಾದ ಸಂವಿಧಾನ ಸಭೆಯೊಂದು ಬಂದು ಕೂತು ಅದರ ಅಧಿಕಾರವನ್ನು ತಾನೇ ವಹಿಸಿಕೊಂಡಿತು. 2010ರಲ್ಲಿ, 1998ರಲ್ಲಿ ಮತ ಹಾಕಿದವರಲ್ಲಿ ಎಷ್ಟೋ ಜನ ನನ್ನಂಥವರೇ ಇದ್ದಿರಬೇಕು. ಹಳೆಯವರನ್ನು ಶಿಕ್ಷಿಸಬೇಕೆಂಬ ಅವರ ಕಾರಣ ನ್ಯಾಯವಾದದ್ದೇ. ಶಿಕ್ಷಿಸುವ ಹಕ್ಕು ಮುಂದಿನ ಸಲವೂ ಅಷ್ಟೇ ಸಲೀಸಾಗಿ ಕೈಯಲ್ಲಿರುತ್ತದೆಯೇ ಎಂಬ ಪ್ರಶ್ನೆ ಆ ದಿನ ಹಿಂದೆ ಬಿತ್ತು.

ಆದ್ದರಿಂದ ನನ್ನ ಎರಡನೆಯ ಹಾಳೆಯಲ್ಲಿ ನೀತಿಗಳಿಲ್ಲ. ಹಿಂದಿನ ಸಲ ಸೋತಾಗ ಈ ಪಕ್ಷ ಏನು ಮಾಡಿತು? ಫಲಿತಾಂಶ ಒಪ್ಪಿತೋ, ಎಣಿಸಿದವರನ್ನೇ ಕಳ್ಳರೆಂದಿತೋ? ಗೆದ್ದಾಗ ಲೆಕ್ಕಪರಿಶೋಧಕರ ವರದಿಯನ್ನು ಸದನದ ಮುಂದೆ ಇಟ್ಟಿತೋ, ಮುಚ್ಚಿಟ್ಟಿತೋ? ತನಗೆ ವಿರುದ್ಧವಾದ ತೀರ್ಪು ಬಂದಾಗ ಮೇಲ್ಮನವಿ ಹಾಕಿತೋ, ನ್ಯಾಯಾಧೀಶರನ್ನು ಬೈಯಿತೋ? ತನಿಖಾ ಸಂಸ್ಥೆಗಳ ಬಾಗಿಲು ಯಾರ ಮನೆಗಳ ಕಡೆ ಮಾತ್ರ ತೆರೆಯುತ್ತದೆ? ಪಕ್ಷದೊಳಗೆ ನಾಯಕನನ್ನು ಆರಿಸುವುದು ಮತದಿಂದಲೋ, ವಂಶದಿಂದಲೋ? ಉತ್ತರ ಬರೆಯುವಾಗ ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ: ಘಟನೆಯನ್ನು ಬರೆದು ಪಕ್ಷಗಳ ಹೆಸರನ್ನು ಅದಲುಬದಲು ಮಾಡಿ ಮತ್ತೆ ಓದುತ್ತೇನೆ. ಹೆಸರು ಬದಲಾದಾಗ ಸಿಟ್ಟು ಏರಿದರೆ ಇಳಿದರೆ ದೋಷ ಅಳತೆಗೋಲಿನಲ್ಲಿದೆ.

ಎರಡೂ ಪಕ್ಷಗಳಿಗೆ ಕೆಟ್ಟ ಅಂಕಗಳೇ ಬಂದವು. ಬರಲಿ. ಮಧ್ಯದವರ ನಿಜವಾದ ದುರಭ್ಯಾಸ ಇರುವುದು ಇಲ್ಲಿ, 'ಇವರೂ ಅಷ್ಟೇ ಅವರೂ ಅಷ್ಟೇ' ಎಂದು ಕೈತೊಳೆದುಕೊಳ್ಳುವುದರಲ್ಲಿ. ಭಾರತದಲ್ಲಿ 1975ರಿಂದ 77ರವರೆಗೆ ತುರ್ತು ಪರಿಸ್ಥಿತಿ ಹೇರಿದ, ವಿರೋಧಿಗಳನ್ನು ಜೈಲಿಗೆ ಹಾಕಿದ ಸರ್ಕಾರವೇ ಕಡೆಗೆ ಚುನಾವಣೆ ಕರೆದು, ಸೋತು, ಇಳಿದು ಹೋಯಿತು. ಆ ಸರ್ಕಾರದ ಮೇಲಿನ ಆರೋಪಪಟ್ಟಿ ಅದರಿಂದ ಹಗುರಾಗುವುದಿಲ್ಲ, ಆದರೆ ಸೋತರೂ ಇಳಿಯದವರ ಜೊತೆ ಅದನ್ನು ಒಂದೇ ಸಾಲಿನಲ್ಲಿ ಬರೆಯಲೂ ಆಗದು. ತಪ್ಪುಗಳಲ್ಲೂ ದರ್ಜೆಗಳಿವೆ. ಕೆಟ್ಟ ಭಾಷಣ ಒಂದು, ಕೆಟ್ಟ ನೇಮಕ ಇನ್ನೊಂದು, ಮುಂದಿನ ಚುನಾವಣೆಯನ್ನೇ ವಾಲಿಸುವ ಕಾನೂನು ಮತ್ತೊಂದು. ದರ್ಜೆ ಹಚ್ಚಿ ನೋಡಿದಾಗ ನನ್ನ ಎರಡು ಪಕ್ಷಗಳು ಸಮವಾಗಿ ಉಳಿಯಲಿಲ್ಲ.

ಇದನ್ನೆಲ್ಲ ಹೇಳಿದಾಗ ಭಾವ ಕೊಟ್ಟ ಉತ್ತರ ಇನ್ನೂ ಚುಚ್ಚುತ್ತಿದೆ. "ಹೊಟ್ಟೆ ತುಂಬಿದವನ ಮಾತು ಇದು. ನಿನಗೆ ಯಾರು ಬಂದರೂ ಒಂದೇ, ಅದಕ್ಕೇ ನಿಯಮ ಗಿಯಮ ಅಂತೀಯ. ಪಿಂಚಣಿ ನಿಂತರೆ ಔಷಧಿ ನಿಲ್ಲುವವಳ ಹತ್ತಿರ ಹೋಗಿ ಹೇಳು ನೋಡೋಣ." ಅರ್ಧ ನಿಜ. ನೀತಿಯ ಲೆಕ್ಕದಲ್ಲಿ ನನಗೆ ಸೊನ್ನೆ ಬಂದದ್ದು ನನ್ನ ನಿಲುವುಗಳಿಂದ ಎಷ್ಟೋ, ನನ್ನ ಸಂಬಳದಿಂದಲೂ ಅಷ್ಟೇ. ಆ ಹೆಂಗಸು ತನ್ನ ಪಿಂಚಣಿ ನೋಡಿ ಮತ ಹಾಕಿದರೆ ಅವಳಿಗೆ ಪಾಠ ಹೇಳಲು ನಾನು ಯಾರೂ ಅಲ್ಲ. ಕೆಟ್ಟ ತೆರಿಗೆಯನ್ನು ಮುಂದಿನ ಸರ್ಕಾರ ತೆಗೆಯಬಹುದು, ಬದಲಾಯಿಸಲಾಗದ ಸರ್ಕಾರವನ್ನು ತೆಗೆಯುವುದು ಕಷ್ಟ ಎಂಬ ನನ್ನ ವಾದಕ್ಕೂ ಒಂದು ಮಿತಿಯಿದೆ: ಔಷಧಿ ಸಿಗದೆ ಹೋದವರನ್ನು ಮುಂದಿನ ಸರ್ಕಾರ ವಾಪಸು ತರುವುದಿಲ್ಲ. "ಭಾವ, ನೀವು ಹೇಳಿದ್ದು ಸರಿ, ಆದರೆ ಆ ಪಿಂಚಣಿ ನಿಂತಾಗ ಅವಳು ಯಾರನ್ನು ಇಳಿಸಬೇಕು, ಇಳಿಸುವ ದಾರಿಯೇ ಇಲ್ಲದಿದ್ದರೆ?" ಎಂದೆ. ಅವರು ಒಪ್ಪಲಿಲ್ಲ. ನಾನೂ ಪೂರ್ತಿ ಒಪ್ಪಿಸಿದೆ ಎಂದುಕೊಂಡಿಲ್ಲ. ಬೆಲೆ ಕಡಿಮೆ ಇರುವವನು ಆ ಬೆಲೆ ತೆರಬೇಕು, ಹೆಚ್ಚಿರುವವರಿಂದ ಅದನ್ನು ನಿರೀಕ್ಷಿಸಬಾರದು ಎಂಬಲ್ಲಿಗೆ ನಾನು ನಿಂತಿದ್ದೇನೆ.

ಕಡೆಗೆ ಆರಿಸಿಕೊಂಡ ಪಕ್ಷದ ಹಣಕಾಸು ನೀತಿ ನನಗೆ ಇಷ್ಟವಿಲ್ಲ. ಅದು ಗೆದ್ದರೆ ಮರುದಿನ ಅವರ ನಾಯಕರು ಟಿವಿಯಲ್ಲಿ, ಜನ ನಮ್ಮ ಆರ್ಥಿಕ ನೀತಿಗೆ ಮುದ್ರೆ ಒತ್ತಿದ್ದಾರೆ ಎನ್ನುತ್ತಾರೆ. ಆ ಜನರಲ್ಲಿ ನಾನೂ ಒಬ್ಬನಾಗಿರುತ್ತೇನೆ! ಮತಕ್ಕೆ ಬಾಯಿಯಿಲ್ಲ, ಯಾಕೆ ಹಾಕಿದೆ ಎಂದು ಅದು ಹೇಳುವುದಿಲ್ಲ. ಹಾಗಾಗಿ ಎರಡು ಪತ್ರ ಬರೆದಿದ್ದೇನೆ, ಮತದಾನಕ್ಕೆ ಮೊದಲೇ ತಲುಪುವಂತೆ. ನಾನು ಮತ ಹಾಕುವ ಅಭ್ಯರ್ಥಿಗೆ ಬರೆದದ್ದು ಚಿಕ್ಕದು: ಮತ ನಿಮಗೆ, ಸಾಲದ ಯೋಜನೆಗೆ ಅಲ್ಲ, ಅದನ್ನು ವಿರೋಧಿಸಿ ಮೊದಲ ಅಧಿವೇಶನದಲ್ಲೇ ಅರ್ಜಿ ಕೊಡುತ್ತೇನೆ ಎಂದು. ಇನ್ನೊಬ್ಬರಿಗೆ ಬರೆದದ್ದು ಉದ್ದವಾಯಿತು. ನಿಮ್ಮ ಲೆಕ್ಕಾಚಾರ, ನಿಮ್ಮ ಅಭ್ಯರ್ಥಿ, ನಿಮ್ಮ ಪ್ರಣಾಳಿಕೆಯ ಅರ್ಧಕ್ಕೂ ಹೆಚ್ಚು ಭಾಗ ನನಗೆ ಒಪ್ಪಿಗೆಯಿತ್ತು, ಫಲಿತಾಂಶ ನಮ್ಮ ಪರ ಬರದಿದ್ದರೆ ಒಪ್ಪುವುದಿಲ್ಲ ಎಂದು ನಿಮ್ಮ ನಾಯಕರು ವೇದಿಕೆಯ ಮೇಲೆ ಹೇಳಿದ ದಿನ ನನ್ನ ಮತ ಹೋಯಿತು, ಆ ಮಾತನ್ನು ಅವರು ಮತದಾನದ ಹಿಂದಿನ ದಿನದೊಳಗೆ ಹಿಂತೆಗೆದುಕೊಂಡರೂ ಸಾಕು, ಮರುಯೋಚನೆ ಮಾಡುತ್ತೇನೆ ಎಂದು ವಿಳಾಸ, ಫೋನ್ ನಂಬರ್ ಸಮೇತ ಬರೆದು ಹಾಕಿದ್ದೇನೆ.